ಮನೆಯವರೆಲ್ಲ ಕುಳಿತು ಕಥೆ ಹೇಳಿದರೆ ಮಗಳ ಹೊಟ್ಟೆನೋವು ಹೋಗುತ್ತದೆಯೇ?

ಘಟ್ಟ ಹತ್ತಿದವಳು (ಪ್ರಶ್ನೆ)

ನಾನು ಹೊನ್ನಾವರದ ಕಡೆಯವಳು. ಮದುವೆಯಾಗಿ ಘಟ್ಟ ಹತ್ತಿ ಶಿರಸಿ ಹತ್ತಿರದ ಹಳ್ಳಿಗೆ ಬಂದೆ. ನಮ್ಮದು ಒಂದೇ ಸೂರಿನ ಕೆಳಗಿನ ಎರಡು ಮನೆ. ನನ್ನ ಗಂಡನಿಗೂ ಭಾವನವರಿಗೂ ಹಿಸ್ಸೆಯಾದಾಗ ಜಗಲಿಯ ನಡುವೆ ಚಿರೇಕಲ್ಲಿನ ಗೋಡೆ ಎದ್ದಿತು. ತೋಟ ಪಾಲಾಯಿತು, ಪಾತ್ರೆ ಪಾಲಾಯಿತು, ದೇವರ ಪೂಜೆಗೂ ವರ್ಷದ ಸರದಿ ಬಿತ್ತು. ಪಾಲಾಗದೆ ಉಳಿದದ್ದು ಬಾವಿ, ಪಂಪು ಮತ್ತು ಅತ್ತೆ. ಅತ್ತೆ ಆರು ತಿಂಗಳು ಇತ್ತ, ಆರು ತಿಂಗಳು ಅತ್ತ. ಪಂಪು ದಿನ ಬಿಟ್ಟು ದಿನ.

ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಜಗಳವೂ ಇಲ್ಲ, ಜಗಳವಾಡಲು ಮಾತಾದರೂ ಬೇಕಲ್ಲ. ಆದರೆ ತ್ರೀಫೇಸ್ ಕರೆಂಟು ಬರುವುದು ಕೆಲವೇ ಗಂಟೆ, ಬೇಸಿಗೆಯಲ್ಲಿ ಎರಡೂ ತೋಟಕ್ಕೆ ನೀರು ಬೇಕು. ಹಾಗಾಗಿ ಸುದ್ದಿ ಒಯ್ಯಲು ಒಬ್ಬರು ಬೇಕಾಯಿತು. ಆ ಕೆಲಸ ಏಳನೆಯ ತರಗತಿಯ ನನ್ನ ಮಗಳ ಪಾಲಿಗೆ ಬಂತು. 'ದೊಡ್ಡಪ್ಪನಿಗೆ ಹೇಳು, ವಾಲ್ವ್ ತಿರುಗಿಸಿ ಆಗಿದೆ ಎಂದು.' 'ನಿನ್ನ ಅಪ್ಪನಿಗೆ ಹೇಳು, ನಿನ್ನೆ ಒಂದು ತಾಸು ಹೆಚ್ಚು ಓಡಿಸಿದ್ದಾನೆ ಎಂದು.' ಅವಳು ಎರಡನೆಯದನ್ನು ಅರ್ಧ ಮೆತ್ತಗೆ ಮಾಡಿ ಹೇಳುತ್ತಾಳೆ ಎಂಬುದು ನನಗೆ ಗೊತ್ತು.

ದೀಪಾವಳಿ ಕಳೆದು ತೋಟಕ್ಕೆ ನೀರು ಬಿಡಲು ಶುರುಮಾಡಿದ ಮೇಲೆ ಅವಳಿಗೆ ಸಂಜೆ ಹೊತ್ತು ಹೊಟ್ಟೆನೋವು. ಮುದುಡಿ ಮಲಗಿಬಿಡುತ್ತಾಳೆ. ಮರುದಿನ ಶಾಲೆಯಿಲ್ಲ. ಹುಳದ ಮಾತ್ರೆ, ಕಷಾಯ, ದೃಷ್ಟಿ ತೆಗೆದದ್ದು, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯಿತು. ವರದಿಗಳೆಲ್ಲ ಸರಿಯಾಗಿಯೇ ಬಂದವು. ಮಕ್ಕಳ ಡಾಕ್ಟರು ಹುಬ್ಬಳ್ಳಿಯ ಒಬ್ಬ ಆಪ್ತಸಮಾಲೋಚಕಿಯ ಬಳಿ ಕಳಿಸಿದರು.

ಆಕೆ ಹೊಟ್ಟೆಯ ವಿಷಯ ಕೇಳಲೇ ಇಲ್ಲ ಎನ್ನಬೇಕು. ಮಗಳನ್ನು ಕೇಳಿದ್ದು, 'ನೋವು ಬಂದ ಸಂಜೆ ಮೊದಲು ಯಾರು ಎದ್ದು ಬರುತ್ತಾರೆ?' 'ದೊಡ್ಡಪ್ಪ. ಅವರ ಬಳಿ ಕಾರಿದೆ.' 'ಅಪ್ಪ ಎಲ್ಲಿರುತ್ತಾರೆ?' 'ದೊಡ್ಡಪ್ಪನ ಪಕ್ಕದ ಸೀಟಿನಲ್ಲಿ.' 'ಕಾರಿನಲ್ಲಿ ಮಾತು ಇರುತ್ತದೆಯೇ?' 'ಶಿರಸಿ ಮುಟ್ಟುವವರೆಗೂ ಇರುತ್ತದೆ.' ನಾನು ಪಕ್ಕದಲ್ಲಿ ಕುಳಿತು ಬೆವರಿದೆ.

ನಂತರ ಕಾಗದದ ಮೇಲೆ ಚೌಕ, ವೃತ್ತ ಬರೆದು, ಅಜ್ಜನ ಕಾಲದಿಂದ ಮನೆತನದ ನಕ್ಷೆ ಮಾಡಿದರು. ಮಾತಿಲ್ಲದವರ ನಡುವೆ ತುಂಡು ಗೆರೆ. ಹೊಟ್ಟೆನೋವಿಗೆ ಒಂದು ಹೆಸರಿಡು ಎಂದರು. ಮಗಳು 'ಪಂಪ್ ಮಾಸ್ತರ' ಎಂದು ಇಟ್ಟಳು. ಮುಂದಿನ ಸಲ ಅತ್ತೆ, ಭಾವ, ನೆಗೆಣ್ಣಿ ಸಮೇತ ಎಲ್ಲರೂ ಬರಬೇಕಂತೆ. ಮನೆ ಎರಡಾದ ಕಥೆಯನ್ನು ಒಬ್ಬೊಬ್ಬರಾಗಿ ಹೇಳಬೇಕು, ಉಳಿದವರು ನಡುವೆ ಬಾಯಿ ಹಾಕಬಾರದು.

ನನ್ನ ಗಂಡ: 'ನೋವಿರುವುದು ಅವಳ ಹೊಟ್ಟೆಯಲ್ಲಿ, ನಾನೇಕೆ ಬರಲಿ?' ಭಾವನವರು (ಮಗಳ ಮೂಲಕವೇ): 'ಕಥೆ ಹೇಳಲು ಹುಬ್ಬಳ್ಳಿಗೆ ಹೋಗಬೇಕೇ? ತೋಟದಲ್ಲಿ ಮಂಗ ಓಡಿಸುವವರು ಯಾರು?' ಒಪ್ಪಿದ್ದು ಅತ್ತೆ ಒಬ್ಬರೇ. ಅದೂ ಹೇಗೆ? 'ನಾನು ಬರುತ್ತೇನೆ. ನಾನು ಹೇಳುವುದನ್ನು ಕೇಳಿದ ಮೇಲೆ ಇವರಿಬ್ಬರೂ ತಿರುಗಿ ಮನೆಗೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ.'

ಇದು ನಿಜವಾದ ಚಿಕಿತ್ಸೆಯೇ, ಕಾಲಹರಣವೇ? ಕಥೆ ಹೇಳಿದರೆ ಏನು ಬದಲಾಗುತ್ತದೆ? ಎಲ್ಲರೂ ಕುಳಿತರೆ ಕೊನೆಗೆ 'ಸೊಸೆಯಂದಿರು ಬಂದ ಮೇಲೆ ಹೀಗಾಯಿತು' ಎಂಬಲ್ಲಿಗೆ ಬಂದು ನಿಲ್ಲುತ್ತದೆ ಎಂಬ ಹೆದರಿಕೆಯೂ ಇದೆ. ಅನುಭವ ಇದ್ದವರು ಹೇಳಿ. 'ಪಾಸಿಟಿವ್ ಆಗಿರಿ' ಎನ್ನುವವರು ದಯವಿಟ್ಟು ಬರೆಯಬೇಡಿ.

ಸರ್ವೆ ನಂಬರ್

ಮೇಡಂ, ಮೊದಲು ಪಾಲುಪಟ್ಟಿ ನೋಂದಣಿಯಾಗಿದೆಯೇ ನೋಡಿ. ಪಹಣಿಯಲ್ಲಿ ಇನ್ನೂ ಜಂಟಿ ಹೆಸರಿದ್ದರೆ ಅಳತೆ ಮಾಡಿಸಿ ಪೋಡಿ (ಪಾಲುಗಳನ್ನು ಬೇರೆ ಬೇರೆ ನಂಬರ್ ಮಾಡುವುದು) ಮಾಡಿಸಿಕೊಳ್ಳಿ. ಬಾವಿಯ ನೀರಿನ ಹಕ್ಕನ್ನು ಪಾಲುಪಟ್ಟಿಯಲ್ಲೇ ಬರೆಸಬೇಕಿತ್ತು. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ತಕರಾರೂ ಇದ್ದರೆ ತಿಳಿದಿರಲಿ, ಅದು ಸರ್ಕಾರದ ಜಾಗ. ನಮ್ಮ ಜಿಲ್ಲೆಯ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪು ತರುವ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಅದು ಸವಲತ್ತೇ ಹೊರತು ಮಾಲ್ಕಿಯಲ್ಲ. ಕಥೆಯಿಂದ ಗಡಿಕಲ್ಲು ಸರಿಯುವುದಿಲ್ಲ. ಇನ್ನೊಂದು ಪಂಪಿಗೆ ಅರ್ಜಿ ಹಾಕಿ, ಅರ್ಧ ಸಮಸ್ಯೆ ಮುಗಿಯುತ್ತದೆ.

ಕುಮಟಾದ ನಿವೃತ್ತೆ

ತಂಗಿ, ಮೇಲಿನವರು ಹೇಳಿದ ಕಾಗದಪತ್ರದ ಮಾತು ತಪ್ಪಲ್ಲ, ಅದನ್ನೂ ಮಾಡಿಸಿಕೊಳ್ಳಿ. ಆದರೆ ಇನ್ನೊಂದು ಪಂಪು ಬಂದರೆ ನಿಮ್ಮ ಮಗಳು ಬೇರೊಂದು ಸುದ್ದಿ ಒಯ್ಯುತ್ತಾಳೆ, ಅಷ್ಟೇ.

ನಾನು ಮನೋವೈದ್ಯಕೀಯ ಸಮಾಜಕಾರ್ಯ ಓದಿ ಬದುಕಿಡೀ ಇದೇ ಕೆಲಸ ಮಾಡಿದವಳು. ದೇಹದ ವಿಷಯ ಮೊದಲು ಹೇಳಿಬಿಡುತ್ತೇನೆ. ತೂಕ ಇಳಿಯುವುದು, ಮಲದಲ್ಲಿ ರಕ್ತ, ಪದೇ ಪದೇ ವಾಂತಿ, ಜ್ವರ, ನಿದ್ದೆಯಿಂದ ಎಬ್ಬಿಸುವಷ್ಟು ನೋವು, ಇವುಗಳಲ್ಲಿ ಒಂದು ಕಂಡರೂ ಮತ್ತೆ ಮಕ್ಕಳ ಡಾಕ್ಟರ ಬಳಿಗೇ ಹೋಗಿ. ಅವು ಇಲ್ಲವೆಂದರೂ ನೋವು ನಾಟಕವಲ್ಲ. ಪರೀಕ್ಷೆಯಲ್ಲಿ ಏನೂ ಸಿಗದ ಹೊಟ್ಟೆನೋವು ಮಕ್ಕಳಲ್ಲಿ ಬಹಳ ಸಾಮಾನ್ಯ, ಮತ್ತು ಅದು ನಿಜವಾಗಿ ನೋಯುತ್ತದೆ. 'ಏನೂ ಇಲ್ಲವಂತೆ' ಎಂದು ಅವಳ ಎದುರು ಯಾರೂ ಹೇಳದಂತೆ ನೋಡಿಕೊಳ್ಳಿ.

ಇದು ಚಿಕಿತ್ಸೆಯೇ ಎಂದರೆ, ಹೌದು. ಮರ್ರಿ ಬೊವೆನ್ ಎಂಬ ಅಮೆರಿಕದ ಮನೋವೈದ್ಯರು 1950ರ ದಶಕದಲ್ಲಿ ಸ್ಕಿಜೋಫ್ರೀನಿಯಾ ಇದ್ದವರ ಜೊತೆ ಮೊದಲು ತಾಯಂದಿರನ್ನು, ಆಮೇಲೆ ಇಡೀ ಕುಟುಂಬವನ್ನೇ ಆಸ್ಪತ್ರೆಯ ವಾರ್ಡಿನಲ್ಲಿ ಇರಿಸಿಕೊಂಡು ಗಮನಿಸಿದರು. ನಮ್ಮ ದೇಶದಲ್ಲಿ ಅದೇ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಮನೆಯವರನ್ನೂ ಉಳಿಸಿಕೊಂಡರು. ವೆಲ್ಲೂರಿನಲ್ಲೂ ಹಾಗೇ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈಗ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಹುಬ್ಬಳ್ಳಿಯ ಆಕೆ ಹೊಸದೇನನ್ನೋ ಕಂಡುಹಿಡಿದು ನಿಮ್ಮ ಮೇಲೆ ಪ್ರಯೋಗ ಮಾಡುತ್ತಿಲ್ಲ.

ಬೊವೆನ್ ಹೇಳಿದ್ದರಲ್ಲಿ ನಿಮ್ಮ ಮನೆಗೆ ಸೀದಾ ತಾಗುವುದು ತ್ರಿಕೋನದ ವಿಚಾರ. ಇಬ್ಬರ ನಡುವೆ ಬಿಗಿ ಹೆಚ್ಚಾದಾಗ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ; ಇಬ್ಬರಿಗೂ ಸ್ವಲ್ಪ ಹಗುರವಾಗುತ್ತದೆ, ಭಾರ ಮೂರನೆಯವರ ಮೇಲೆ ಇಳಿಯುತ್ತದೆ. ಮಾತು ಬಿಡುವುದನ್ನೂ ಅವರು ಸಂಬಂಧ ಮುಗಿದದ್ದು ಎಂದು ನೋಡಲಿಲ್ಲ. ದಿನವೂ ಎಚ್ಚರವಹಿಸಿ ಪಾಲಿಸಬೇಕಾದ, ತುಂಬ ಗಟ್ಟಿಯಾದ ಸಂಬಂಧ ಅದು. ನಿಮ್ಮ ಭಾವನವರು ಜಗಲಿಗೆ ಬರುವ ಮೊದಲು ತಮ್ಮ ಅಲ್ಲಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ ತಾನೇ? ಅಷ್ಟು ಗಮನವನ್ನು ಯಾರೂ ನೆರೆಮನೆಯವನಿಗೆ ಕೊಡುವುದಿಲ್ಲ.

ಅರ್ಜೆಂಟೀನಾ ಮೂಲದ ಸಾಲ್ವಡೋರ್ ಮಿನುಚಿನ್ ಫಿಲಡೆಲ್ಫಿಯಾದಲ್ಲಿ ಇದನ್ನು ಇನ್ನೊಂದು ಬದಿಯಿಂದ ನೋಡಿದರು. ಇನ್ಸುಲಿನ್ ಸರಿಯಾಗಿ ಕೊಟ್ಟರೂ ಮತ್ತೆ ಮತ್ತೆ ಆಸ್ಪತ್ರೆ ಸೇರುವ ಮಧುಮೇಹದ ಮಕ್ಕಳು ಅವರ ಬಳಿ ಬರುತ್ತಿದ್ದರು. ಹಿರಿಯರು ಆಡಲಾಗದ ಜಗಳ ಮಗುವಿನ ಕಾಯಿಲೆಯ ದಾರಿಯಲ್ಲಿ ಸುತ್ತು ಹಾಕಿ ಹೋಗುತ್ತದೆ ಎಂಬುದು ಅವರ ವಾದ. ಅವರ ಪ್ರಯೋಗ ಚಿಕ್ಕದಾಗಿತ್ತು, ಕಾಯಿಲೆಗೆ ಮನೆಯವರನ್ನೇ ದೂರುವಂತೆ ಕೇಳಿಸುತ್ತದೆ ಎಂದು ಆಮೇಲಿನವರು ಆಕ್ಷೇಪ ಎತ್ತಿದರು. ಆಕ್ಷೇಪ ನ್ಯಾಯವಾದದ್ದೇ. ನಾನು ತಾಯಂದಿರಿಗೆ 'ನಿಮ್ಮಿಂದ ಬಂತು' ಎಂದು ಎಂದೂ ಹೇಳಿದವಳಲ್ಲ. ಆದರೆ ಮಗಳಿಗೆ ನೋವು ಬಂದಾಗ ಅಣ್ಣ ತಮ್ಮ ಒಂದೇ ಕಾರಿನಲ್ಲಿ ಮಾತಾಡುತ್ತ ಹೋಗುತ್ತಾರೆ ಎಂಬುದನ್ನು ನೀವೇ ಬರೆದಿದ್ದೀರಿ. ಅವಳು ಬೇಕೆಂದು ಮಾಡುತ್ತಿದ್ದಾಳೆ ಎಂದಲ್ಲ. ಅವಳ ದೇಹಕ್ಕೆ ಒಂದು ಕೆಲಸ ಸಿಕ್ಕಿಬಿಟ್ಟಿದೆ.

ಈಗ ಕಥೆಯ ವಿಚಾರ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡ್‌ನ ಡೇವಿಡ್ ಎಪ್‌ಸ್ಟನ್ 1980ರ ದಶಕದಲ್ಲಿ ಬೆಳೆಸಿದ ದಾರಿ ಇದು. ಬಟ್ಟೆಯಲ್ಲೇ ಮಲವಿಸರ್ಜನೆ ಮಾಡಿಕೊಳ್ಳುವ ಮಕ್ಕಳನ್ನು ವೈಟ್ ನೋಡುತ್ತಿದ್ದರು. ಅವರು ಆ ಸಮಸ್ಯೆಗೆ 'ಕಳ್ಳ ಕಕ್ಕ' ಎನ್ನುವಂಥ ಒಂದು ತಮಾಷೆಯ ಹೆಸರಿಟ್ಟು, ಮಗುವನ್ನೂ ತಂದೆತಾಯಿಯನ್ನೂ ಒಂದೇ ಬದಿಗೆ ಕೂರಿಸಿ, ಆ ಕಳ್ಳ ಯಾವಾಗ ಬರುತ್ತಾನೆ, ಯಾರ ಮೇಲೆ ಯಾರನ್ನು ಎತ್ತಿಕಟ್ಟುತ್ತಾನೆ, ಯಾವತ್ತು ಸೋತಿದ್ದಾನೆ ಎಂದು ಕೇಳುತ್ತಿದ್ದರು. 1984ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ನಿಮ್ಮ ಮಗಳ 'ಪಂಪ್ ಮಾಸ್ತರ' ಅದೇ ವಂಶದವನು. ಹೆಸರಿಟ್ಟ ಮೇಲೆ ಮಗಳು ರೋಗಿಷ್ಟೆಯಾಗಿ ಉಳಿಯುವುದಿಲ್ಲ. ಮಾಸ್ತರನ ಉಪದ್ರವ ಎಲ್ಲರಿಗೂ ಸೇರಿದ್ದು ಎಂದು ಮಾತಾಡಲು ಬರುತ್ತದೆ.

ಮನೆ ಎರಡಾದ ಕಥೆ ಹೇಳಿಸುವುದು ಯಾರು ಸರಿ ಎಂದು ತೀರ್ಪು ಕೊಡಲಿಕ್ಕಲ್ಲ. ವರ್ಷಗಟ್ಟಲೆ ಒಂದೇ ಕಥೆ ಹೇಳಿಕೊಂಡ ಮನೆಯಲ್ಲಿ, ಆ ಕಥೆಗೆ ಹೊಂದದ ಘಟನೆಗಳು ಬಿಟ್ಟುಹೋಗಿರುತ್ತವೆ. ನಮ್ಮ ಕೆಲಸ ಅವನ್ನು ಹೆಕ್ಕುವುದು. ಮಾತಿಲ್ಲದ ಅಣ್ಣ, ತಮ್ಮನ ಮಗಳಿಗೆ ನೋವೆಂದರೆ ಉಟ್ಟ ಪಂಚೆಯಲ್ಲೇ ಕಾರು ತೆಗೆಯುತ್ತಾನೆ. 'ನಮ್ಮಿಬ್ಬರ ನಡುವೆ ಏನೂ ಉಳಿದಿಲ್ಲ' ಎಂಬ ಕಥೆಯಲ್ಲಿ ಈ ಕಾರಿಗೆ ಜಾಗವೆಲ್ಲಿ? ಹುಬ್ಬಳ್ಳಿಯ ಆಕೆ ಅದನ್ನೇ ಹಿಡಿದಿದ್ದಾರೆ, ಜಾಣೆ.

ಗಂಡಸರನ್ನು ಕರೆತರುವುದು: ಇಬ್ಬರನ್ನೂ ಒಟ್ಟಿಗೆ ಕರೆಯಬೇಡಿ. ಗಂಡನಿಗೆ 'ವರದಿ ವಿವರಿಸುತ್ತಾರಂತೆ, ತಂದೆಯೇ ಬೇಕಂತೆ' ಎನ್ನಿ, ಸುಳ್ಳೂ ಅಲ್ಲ. ಭಾವನವರಿಗೆ ನೀವೇ ಖುದ್ದಾಗಿ, ಮಗಳ ಕೈಯಲ್ಲಿ ಹೇಳಿಕಳಿಸದೆ, ಅಷ್ಟು ಸಲ ಕಾರು ತೆಗೆದದ್ದಕ್ಕೆ ಉಪಕಾರ ಹೇಳಿ. ಅಲ್ಲಿಗೆ ನಿಲ್ಲಿಸಿ. ಬೊವೆನ್ ಪ್ರಕಾರ ಎಲ್ಲರೂ ಬರಲೇಬೇಕೆಂದಿಲ್ಲ; ಒಬ್ಬರು ತಮ್ಮ ಜಾಗ ಬದಲಿಸಿ ಅಲ್ಲೇ ಗಟ್ಟಿಯಾಗಿ ನಿಂತರೂ ಉಳಿದವರು ಸರಿದು ಕೂರಬೇಕಾಗುತ್ತದೆ. ಅವರು ಇದನ್ನು ತಮ್ಮ ಸ್ವಂತ ಮನೆಯ ಮೇಲೇ ಪ್ರಯೋಗಿಸಿದ್ದರು. 1967ರಲ್ಲಿ ಕುಟುಂಬ ಚಿಕಿತ್ಸಕರ ಸಭೆಯೊಂದರಲ್ಲಿ ಸಿದ್ಧಾಂತದ ಪ್ರಬಂಧ ಓದುವ ಬದಲು, ಟೆನೆಸ್ಸಿಯ ತಮ್ಮ ಮನೆಯಲ್ಲಿ ಅಣ್ಣ ತಮ್ಮಂದಿರ ನಡುವಿನ ಗುಸುಗುಸುವನ್ನು ಪತ್ರ ಬರೆದು ಹೇಗೆ ಬಯಲಿಗೆಳೆದೆ ಎಂದು ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಿದರು. ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: ನೀವು ಬದಲಾದ ಕೂಡಲೇ ಮನೆಯವರು ಮೊದಲಿನಂತೆಯೇ ಇರು ಎಂದು ಒತ್ತಾಯಿಸುತ್ತಾರೆ. ಅದಕ್ಕೆ ಸಿದ್ಧರಾಗಿರಿ.

ನೀವು ಮಾಡಬಹುದಾದ ಮೊದಲ ಕೆಲಸ, ಮಗಳನ್ನು ಟಪಾಲಿನ ಕೆಲಸದಿಂದ ಬಿಡಿಸುವುದು. ಬೇರೆ ವ್ಯವಸ್ಥೆ ಆದಮೇಲೆ ನೋಡೋಣ ಎನ್ನದೆ ಈ ವಾರವೇ ಬಿಡಿಸಿ.

'ಸೊಸೆಯಂದಿರಿಂದ ಆಯಿತು' ಎಂಬ ಹೆದರಿಕೆಯನ್ನು ಸಮಾಲೋಚಕಿಗೆ ಮುಂಚಿತವಾಗಿ ಹೇಳಿ. ಯಾರು ಮೊದಲು ಮಾತಾಡಬೇಕು ಎಂಬುದನ್ನು ಅವರು ನಿರ್ಧರಿಸಬೇಕು, ಮನೆಯ ಹಿರಿಯ ಗಂಡಸಲ್ಲ. ಕೊನೆಯದಾಗಿ, ಇದು ಎಲ್ಲರಿಗೂ ಅನ್ವಯಿಸುವ ಮಾತು: ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಬಾಯಿಬಿಟ್ಟರೆ ರಾತ್ರಿ ಅನುಭವಿಸಬೇಕಾಗುತ್ತದೆ ಎಂಬ ಭಯ ಯಾರಿಗಾದರೂ ಇದ್ದರೆ, ಒಟ್ಟಿಗೆ ಕೂರಿಸುವ ಚಿಕಿತ್ಸೆ ಬೇಡ. ಹೊಡೆಯುವುದು ಎಲ್ಲರೂ ಹಂಚಿಕೊಳ್ಳಬೇಕಾದ ಸಮಸ್ಯೆಯಲ್ಲ, ಹೊಡೆದವನದ್ದು. ಹತ್ತಿರ ಯಾರೂ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಬಹುದು, ಹಗಲಿರುಳು ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಅರ್ಥ ಹೇಳುವವ, ಯಲ್ಲಾಪುರ

ಕುಮಟಾದ ಅಕ್ಕನವರ ಮಾತಿಗೆ ಒಂದು ತಕರಾರು. ನಾನು ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವವ. ನಮ್ಮ ಜಿಲ್ಲೆಯವರಿಗೆ ಕಥೆ ಹೇಳಿಸುವ ಚಿಕಿತ್ಸೆ ಬೇಕಾಗಿಲ್ಲ. ಹೇಳುವುದರಲ್ಲಿ ನಾವು ಅಗತ್ಯಕ್ಕಿಂತ ಹೆಚ್ಚು ನಿಪುಣರು. ಅಡಿಕೆ ಸುಲಿಯುವ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತವರು ಊರಿನ ಅಷ್ಟೂ ಹಿಸ್ಸೆ ಪ್ರಕರಣಗಳನ್ನು ಪ್ರಸಂಗದ ಹಾಗೆ ನಡೆಸಿಕೊಡುತ್ತಾರೆ. ಪ್ರತಿ ಸಲ ಹೇಳಿದಾಗಲೂ ಕಥೆ ಇನ್ನಷ್ಟು ಚಂದವಾಗುತ್ತದೆ, ಇನ್ನಷ್ಟು ಗಟ್ಟಿಯಾಗುತ್ತದೆ. ನಿಮ್ಮ ಭಾವನವರಿಗೆ ಮಾತಿನ ಚಾತುರ್ಯ ಇದ್ದರೆ ಹುಬ್ಬಳ್ಳಿಯಲ್ಲಿ ಅವರು ಗೆದ್ದು ಬರುತ್ತಾರೆ, ಅಷ್ಟೇ.

ವಾಲಿವಧೆಯನ್ನು ನೋಡಿ. ಮಾಯಾವಿಯನ್ನು ಅಟ್ಟಿಸಿಕೊಂಡು ವಾಲಿ ಗುಹೆಯೊಳಗೆ ಹೋದ, ಸುಗ್ರೀವ ಬಾಗಿಲಲ್ಲಿ ಕಾದ. ಬಹಳ ಕಾಲದ ಮೇಲೆ ರಕ್ತ ಹರಿದು ಬಂತು. ಅಣ್ಣ ಸತ್ತನೆಂದು ತಮ್ಮ ಬಂಡೆ ಮುಚ್ಚಿ ಬಂದ. ವಾಲಿಯ ಅರ್ಥ ಹೇಳುವಾಗ ನನಗೆ ಆ ಬಂಡೆ ಒಳಗಿನಿಂದ ಕಾಣುತ್ತದೆ. ಸುಗ್ರೀವನ ಅರ್ಥ ಸಿಕ್ಕ ದಿನ ರಕ್ತ ಹೊರಗಿನಿಂದ ಕಾಣುತ್ತದೆ. ಇಬ್ಬರದೂ ಸುಳ್ಳಲ್ಲ. ವಾದ ಎಷ್ಟು ಹೊತ್ತು ನಡೆದರೂ ಪ್ರಸಂಗದಲ್ಲಿ ರಾಜಿಯಾಗುವುದಿಲ್ಲ, ಬಾಣವೇ ಬರಬೇಕು.

ಆದರೆ ಬದಲಾಗುವವನು ಒಬ್ಬನಿದ್ದಾನೆ, ಅರ್ಥಧಾರಿ. ವರ್ಷಗಟ್ಟಲೆ ವಾಲಿಯೇ ಆಗಿದ್ದವನಿಗೆ ಒಂದು ರಾತ್ರಿ ಸುಗ್ರೀವನ ಪಾತ್ರ ಹಂಚಿಕೆಯಾದರೆ, ಮೊದಲ ಪದ್ಯಕ್ಕೆ ಅರ್ಥ ಹುಡುಕುವಾಗ ಬಾಯಿ ಒಣಗುತ್ತದೆ. ಹಾಗಾಗಿ ನನ್ನ ಸಲಹೆ: ಅವರವರ ಕಥೆ ಬೇಡ. ನಿಮ್ಮ ಗಂಡ ಅಣ್ಣನ ಪಕ್ಷದ ಅರ್ಥ ಹೇಳಲಿ, ಭಾವನವರು ತಮ್ಮನದು. ಎದುರಾಳಿ 'ಹೌದು, ನನ್ನ ಮಾತು ಇದೇ' ಎಂದು ತಲೆಯಾಡಿಸುವವರೆಗೆ ಹೇಳಬೇಕು. ಅದು ಕಷ್ಟ. ಕಷ್ಟವಾದ್ದರಿಂದಲೇ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ. ಎರಡನೆಯ ಸಲ ಕಾಳಗಕ್ಕೆ ಹೊರಟ ವಾಲಿಯನ್ನು ತಾರೆ ತಡೆಯುತ್ತಾಳೆ, ತಮ್ಮನೊಡನೆ ಸಂಧಿ ಮಾಡಿಕೋ ಎನ್ನುತ್ತಾಳೆ. ರಾಮ ಸುಗ್ರೀವನ ಜೊತೆಗಿದ್ದಾನೆ ಎಂಬ ಸುದ್ದಿ ಅವಳಿಗೆ ಬಂದದ್ದು ಹೇಗೆ? ವಾಲ್ಮೀಕಿಯಲ್ಲಿ ಅದನ್ನು ತಿಳಿದು ಬಂದು ಹೇಳಿದವನು ಅಂಗದ, ಅವರ ಮಗ. ಇಬ್ಬರು ದೊಡ್ಡವರ ದ್ವೇಷದ ನಡುವೆ ಸುದ್ದಿ ಹೊತ್ತು ತಿರುಗಿದ ಹುಡುಗ. ನಾವು ಅರ್ಥಧಾರಿಗಳು ಅವನನ್ನು ಈ ಜಾಗದಲ್ಲಿ ಗಮನಿಸುವುದೇ ಕಡಿಮೆ. ನಿಮ್ಮ ಪ್ರಶ್ನೆ ಓದಿದ ಮೇಲೆ ನನಗೆ ಹೊಳೆದದ್ದು ಅವನೇ. ಮುಂದಿನ ಕೂಟದಲ್ಲಿ ತಾರೆಯ ಅರ್ಥ ಸಿಕ್ಕರೆ ಬಳಸಿಕೊಳ್ಳುತ್ತೇನೆ, ನಿಮ್ಮ ಅಪ್ಪಣೆ ಇದೆ ಎಂದುಕೊಂಡು.

ಕುಮಟಾದ ನಿವೃತ್ತೆ

ಪದ್ಯ ಹಾಡುವ ಭಾಗವತರಿಲ್ಲದೆ ತಾಳಮದ್ದಲೆ ನಡೆಸಿದರೆ ಏನಾಗುತ್ತದೋ ಸಮಾಲೋಚಕರಿಲ್ಲದೆ ಇದನ್ನು ಮಾಡಿದರೂ ಅದೇ ಆಗುತ್ತದೆ. ಎಲ್ಲಿ ಪದ್ಯ ಎತ್ತಿ ಮಾತು ನಿಲ್ಲಿಸಬೇಕು ಎಂದು ತಿಳಿದವರು ಒಬ್ಬರು ಬೇಕು. ಪಾತ್ರ ಬದಲಿಸಿ ಮಾತಾಡಿಸುವ ಪದ್ಧತಿ ನಮ್ಮಲ್ಲೂ ಇದೆ, ನಿಮ್ಮ ಸಲಹೆ ಒಳ್ಳೆಯದೇ. ಆದರೆ ಮೊದಲ ದಿನವೇ ಬೇಡ. ತನ್ನ ಮಾತನ್ನು ಯಾರೂ ಕೇಳಿಲ್ಲ ಎಂಬ ನೋವಿರುವವನಿಗೆ ಎದುರಾಳಿಯ ಪರ ವಾದಿಸು ಎಂದರೆ ಎದ್ದು ಹೋಗುತ್ತಾನೆ.

ಅಂಕೋಲೆಯ ಮೊಮ್ಮಗ

ನಮ್ಮ ಮನೆಯಲ್ಲಿ ಇದು ನಡೆದಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಕಾರಣ ಬೇರೆ: ಅಪ್ಪನ ಕುಡಿತ. ಧಾರವಾಡದಲ್ಲಿ ಚಿಕಿತ್ಸೆಗೆ ಸೇರಿಸಿದಾಗ ಮನೆಯವರನ್ನೂ ಕೂರಿಸಿದರು.

ನಮ್ಮ ಮನೆಯ ಮುಖ್ಯ ಕಥೆ ಕರನಿರಾಕರಣೆಯದು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು, ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ಕೊಡುವುದಿಲ್ಲ ಎಂದು ನಿಂತದ್ದು, ಸರ್ಕಾರ ಜಮೀನು, ದನ, ಪಾತ್ರೆ ಜಪ್ತಿ ಮಾಡಿದ್ದು ಎಲ್ಲರಿಗೂ ಗೊತ್ತು. ನನ್ನ ಮುತ್ತಜ್ಜ ಜೈಲಿಗೆ ಹೋದವರು. ಜಮೀನು ತಿರುಗಿ ಬಂದದ್ದು 1937ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಕಾಂಗ್ರೆಸ್ ಸರ್ಕಾರ ಬಂದ ಮೇಲೆ. ಪ್ರತಿ ಆಗಸ್ಟ್ 15ಕ್ಕೆ ನಮ್ಮ ಮನೆಯಲ್ಲಿ ಈ ಕಥೆ ಆಗಲೇಬೇಕು. ಅದರ ತಾತ್ಪರ್ಯ ಒಂದೇ: ಈ ಮನೆಯ ಗಂಡಸು ಬಾಗುವುದಿಲ್ಲ.

ಅಪ್ಪ ಆ ಮಾತಿನ ಕೆಳಗೆ ಬೆಳೆದವರು. ನೌಕರಿ ಹೋದಾಗ ಯಾರಿಗೂ ಹೇಳಲಿಲ್ಲ, ಸಾಲ ಮಾಡಿದರು, ಕುಡಿದರು. ಬಾಗಬಾರದಲ್ಲ.

ಸಮಾಲೋಚಕರು ಕೇಳಿದ್ದು ಸರಳ ಪ್ರಶ್ನೆ: 'ಅವರು ಜೈಲಿನಲ್ಲಿದ್ದಾಗ ಮಕ್ಕಳಿಗೆ ಊಟ ಎಲ್ಲಿಂದ ಬಂತು?' ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸೋದರತ್ತೆ ಒಬ್ಬರಿಗೆ ಗೊತ್ತಿತ್ತು. ಅವರನ್ನು ಕೇಳಿದವರೇ ಇರಲಿಲ್ಲ. ಮುತ್ತಜ್ಜಿ ಮೀನುಗಾರರ ಕೇರಿಯಿಂದ ಅಕ್ಕಿ ಸಾಲ ತಂದಿದ್ದರು, ಎರಡು ಮಕ್ಕಳನ್ನು ತವರಿಗೆ ಬಿಟ್ಟಿದ್ದರು, ಕೈಚಾಚಿ ಕೇಳಿದ್ದರು. ಬಾಗಿದ್ದರು. ಅಪ್ಪ ಆ ದಿನ ಏನೂ ಮಾತಾಡಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ಅರೆಬೈಲು ಘಟ್ಟ ಇಳಿಯುವಾಗ, 'ಅಕ್ಕಿ ಸಾಲ ತೀರಿಸಿದರೋ ಇಲ್ಲವೋ ಕೇಳಬೇಕಿತ್ತು' ಎಂದರು.

ಕುಡಿತ ಪೂರ್ತಿ ನಿಂತಿತೇ? ಇಲ್ಲ. ಒಮ್ಮೆ ಮರಳಿತು, ಮಾತ್ರೆ ಮುಂದುವರಿಯಿತು, ಸಾಲ ಇನ್ನೂ ಇದೆ. ನನ್ನ ತಮ್ಮ ಮೊದಲ ಸಲ ಬಂದವನು ಇದೆಲ್ಲ ಬೂಟಾಟಿಕೆ ಎಂದು ಮತ್ತೆ ಬರಲೇ ಇಲ್ಲ, ಇಂದಿಗೂ ಹಾಗೇ ಅನ್ನುತ್ತಾನೆ. ಆದರೆ ಅಪ್ಪ ಈಗ ಹಣ ಬೇಕಾದರೆ ಕೇಳುತ್ತಾರೆ. ನಿಮ್ಮ ಅತ್ತೆಗೆ ಏನೋ ಹೇಳಲಿಕ್ಕಿದೆ ಎಂದಿದ್ದೀರಿ. ನಾನಾದರೆ ಅವರನ್ನೇ ಮೊದಲು ಕೂರಿಸುತ್ತಿದ್ದೆ.

ಘಟ್ಟ ಹತ್ತಿದವಳು

ಎಲ್ಲರಿಗೂ ಉಪಕಾರ. ಸರ್ವೆ ನಂಬರ್ ಅವರೇ, ಪಾಲುಪಟ್ಟಿ ನೋಂದಣಿಯಾಗಿದೆ, ಬಾವಿಯ ಸಾಲು ಮಾತ್ರ ಇಲ್ಲ. ನೀವು ಹೇಳಿದ್ದು ಅಲ್ಲಿಗೇ ಬಂತು.

ಮಗಳ ಟಪಾಲು ನಿಲ್ಲಿಸಿದೆ. ಪಂಪ್‌ಶೆಡ್ಡಿನ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿ, ಯಾರು ಎಷ್ಟು ಹೊತ್ತಿಗೆ ಶುರುಮಾಡಿದರು, ಯಾವಾಗ ನಿಲ್ಲಿಸಿದರು ಎಂದು ಅವರವರೇ ಬರೆಯಬೇಕು ಎಂದೆ. ಕುಮಟಾದ ಅಕ್ಕ ಹೇಳಿದ ಹಾಗೆಯೇ ಆಯಿತು: ಮೊದಲ ದಿನವೇ ನನ್ನ ಗಂಡ 'ಅವಳೇ ಹೋಗಿ ಹೇಳಿದರೆ ಏನು ಕಳೆದುಕೊಳ್ಳುತ್ತಾಳೆ?' ಎಂದು ಹಾರಾಡಿದರು. ನೆಗೆಣ್ಣಿಯ ಕಡೆಯಿಂದಲೂ ಇವಳದ್ದು ಹೊಸ ಕಾನೂನು ಎಂಬ ಮಾತು ಬಂತು. ಸ್ಲೇಟಿನ ಮೇಲೆ ಎರಡು ದಿನ ಯಾರೂ ಬರೆಯಲಿಲ್ಲ. ಭಾವನವರ ಅಡಿಕೆ ಸಸಿ ಒಣಗತೊಡಗಿದ ಮೇಲೆ ಅವರೇ ಮೊದಲು ಬರೆದರು. ನನ್ನ ಗಂಡ ಅದರ ಕೆಳಗೆ ಬರೆದರು. ಅಕ್ಷರ ಇಬ್ಬರದೂ ಒಂದೇ ಥರ, ಒಂದೇ ಮಾಸ್ತರರ ಬಳಿ ಕಲಿತವರು.

ಭಾವನವರಿಗೆ ಫೋನು ಮಾಡಿ ಕಾರಿನ ಉಪಕಾರ ಹೇಳಿದೆ. 'ಹೂಂ' ಎಂದರು. ಆಮೇಲೆ ಬಹಳ ಹೊತ್ತು ಇಬ್ಬರೂ ಫೋನು ಇಡಲಿಲ್ಲ, ಮಾತೂ ಆಡಲಿಲ್ಲ. ಕಾರಿನಲ್ಲಿ ಏನು ಮಾತಾಡುತ್ತೀರಿ ಎಂದು ಗಂಡನನ್ನು ಕೇಳಿದರೆ, 'ಏನಿಲ್ಲ, ರಸ್ತೆಯ ಗುಂಡಿ, ಕೊಳೆರೋಗ, ಆಯಿಯ ಸಕ್ಕರೆ ಕಾಯಿಲೆ' ಎಂದರು. ಅದನ್ನು 'ಏನಿಲ್ಲ' ಎಂದು ಏಕೆ ಎನ್ನುತ್ತಾರೋ.

ಹೊಟ್ಟೆನೋವು ಹೋಗಿಲ್ಲ. ಕಡಿಮೆಯಾಗಿದೆಯೋ, ಪರೀಕ್ಷೆ ಹತ್ತಿರ ಬಂದದ್ದರಿಂದ ತಡೆದುಕೊಳ್ಳುತ್ತಿದ್ದಾಳೋ ಹೇಳಲಾರೆ. ಮೊನ್ನೆ ಮಾತ್ರ, 'ಪಂಪ್ ಮಾಸ್ತರನಿಗೆ ಈಗ ಸ್ಲೇಟು ಓದಲು ಬರುತ್ತದೆ' ಎಂದು ನಕ್ಕಳು.

ಗಂಡ ಒಬ್ಬರೇ ಬರಲು ಒಪ್ಪಿದ್ದಾರೆ, ಅಡಿಕೆ ಕೊನೆ ಕೊಯ್ಲು ಮುಗಿದ ಮೇಲೆ. ಅರ್ಥ ಹೇಳುವವರೇ, ನಿಮ್ಮ ಪಾತ್ರ ಬದಲಿಸುವ ವಿಚಾರ ಅವರಿಗೆ ಓದಿ ಹೇಳಿದೆ. 'ಅಣ್ಣನ ಅರ್ಥ ನಾನು ಹೇಳಿದರೆ ಅವನಿಗಿಂತ ಚೆನ್ನಾಗಿ ಹೇಳುತ್ತೇನೆ' ಎಂದರು. ಅಹಂಕಾರವೋ ಒಪ್ಪಿಗೆಯೋ ತಿಳಿಯಲಿಲ್ಲ. ಅಂಗದನನ್ನು ಬಳಸಿಕೊಳ್ಳಿ.

ಅಂಕೋಲೆಯವರು ಹೇಳಿದ್ದು ಸರಿ, ಅತ್ತೆಯನ್ನೇ ಮೊದಲು ಕೂರಿಸಬೇಕು. ಅವರು ಇಬ್ಬರು ಮಕ್ಕಳೂ ಎದುರಿಗಿದ್ದರೆ ಮಾತ್ರ ಹೇಳುತ್ತಾರಂತೆ, ನನ್ನ ಬಳಿ ಒಂದಕ್ಷರ ಬಿಡಲಿಲ್ಲ. ತೊಂದರೆಯೆಂದರೆ ಅವರಿಗೆ ಕಾರಿನಲ್ಲಿ ವಾಂತಿ, ಮಂಡಿನೋವು, ಹುಬ್ಬಳ್ಳಿಯವರೆಗೆ ಕೂರಲಾರರು. ಅವರು ಮನೆಯಲ್ಲೇ ಕುಳಿತು ವಿಡಿಯೊ ಕರೆಯಲ್ಲಿ ಮಾತಾಡಿದರೆ ನಡೆಯುತ್ತದೆಯೇ, ಅಕ್ಕ? ಭಾವನವರು ಆ ದಿನ ಮನೆಯಲ್ಲೇ ಇರುತ್ತಾರೆ. ಫೋನು ಹಿಡಿಯುವುದು, ಆನ್ ಮಾಡುವುದು ಎಲ್ಲ ಮಗಳಿಗೆ ಬರುತ್ತದೆ.

ಕುಮಟಾದ ನಿವೃತ್ತೆ

ನಡೆಯುತ್ತದೆ. ಸಮಾಲೋಚಕಿಗೆ ಮುಂಚೆ ತಿಳಿಸಿ, ಅತ್ತೆಗೆ ಸರಿಯಾಗಿ ಕೇಳಿಸುವಂತೆ ಸ್ಪೀಕರ್ ಇಡಿ. ಮಗಳು ಆ ಹೊತ್ತಿಗೆ ಶಾಲೆಯಲ್ಲಿರಲಿ. ಫೋನು ಭಾವನವರು ಹಿಡಿದುಕೊಳ್ಳಲಿ.